ಅಪ್ಪನ ಜೊತೆ ಕೂತು ಆಡುವಂಥ ಆಟ ಯಾವುದು? ನೀವು ಯಾವ ಆಟಕ್ಕೆ ಕಾಯುತ್ತಿದ್ದೀರಿ?

ಕಾಫಿಕಣ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಎರಡು ವರ್ಷದಿಂದ ನಾನು ಊರಲ್ಲೇ ಇದ್ದು ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಹಾಗಾಗಿ ನೂರು ಜಿಬಿ ಆಟಗಳ ಕಡೆ ತಲೆ ಹಾಕುವುದಿಲ್ಲ. ಈ ವರ್ಷ ಮನಸ್ಸಿಟ್ಟು ಆಡಿದ್ದು ಎರಡೇ ಆಟ.

ಒಂದು ಹಾಲೋ ನೈಟ್. 2017ರದ್ದು, ಅಡಿಲೇಡ್‌ನ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡದ್ದು. ನೆಲದಡಿ ಹಾಳುಬಿದ್ದ ಹುಳುಗಳ ರಾಜ್ಯ. ಸತ್ತರೆ ಕೂಡಿಟ್ಟ ದುಡ್ಡೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ, ಮತ್ತೆ ಅಲ್ಲಿಗೇ ಹೋಗಿ ನಮ್ಮದೇ ನೆರಳನ್ನು ಹೊಡೆದು ತರಬೇಕು. ಅದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನನಗೆ ನೆನಪಲ್ಲಿ ಉಳಿದದ್ದು ಸಿಟಿ ಆಫ್ ಟಿಯರ್ಸ್. ಅಷ್ಟು ಆಳದಲ್ಲಿ ಒಂದು ಊರು, ಅಲ್ಲಿ ಬಿಡದೆ ಮಳೆ. ಉದ್ದುದ್ದ ಗಾಜಿನ ಕಿಟಕಿ, ಅದರ ಮುಂದೆ ಒಂದು ಬೆಂಚು, ಅಲ್ಲಿ ಕ್ವಿರೆಲ್ ಅನ್ನುವ ಅಲೆಮಾರಿ ಹುಳು ಸುಮ್ನೆ ಮಳೆ ನೋಡುತ್ತಾ ಕೂತಿರುತ್ತಾನೆ. ನಾನೂ ಪಕ್ಕದಲ್ಲಿ ಕೂತೆ. ಜುಲೈ ತಿಂಗಳು, ಹೊರಗೆ ನಮ್ಮ ಹೆಂಚಿನ ಮೇಲೂ ಅದೇ ಸದ್ದು. ನೆಲದಡಿ ಮಳೆ ಎಲ್ಲಿಂದ ಬಂತು ಅಂತ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಎಷ್ಟೋ ದಿನದ ಮೇಲೆ ಮೇಲ್ಗಡೆ ಸುತ್ತುವಾಗ ಬ್ಲೂ ಲೇಕ್ ಸಿಕ್ಕಿತು. ದೊಡ್ಡ ಕೆರೆ, ಸರಿಯಾಗಿ ಆ ಊರಿನ ನೆತ್ತಿಯ ಮೇಲೆ. ಯಾರೂ ಹೇಳಿಕೊಡದೆ ಅದು ಹೊಳೆದಾಗ ಆದ ಖುಷಿ ಇನ್ನೂ ಇದೆ.

ಇನ್ನೊಂದು ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂದದ್ದು. ಎರಿಕ್ ಬರೋನ್ ಒಬ್ಬರೇ ಕೂತು ನಾಲ್ಕು ವರ್ಷಕ್ಕೂ ಜಾಸ್ತಿ ದುಡಿದು ಮಾಡಿದ ಬೇಸಾಯದ ಆಟ. ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲ ಅವರದ್ದೇ. ಒಂದು ಜಿಬಿಯೂ ಇಲ್ಲ, ನಮ್ಮ ನೆಟ್‌ನಲ್ಲೂ ಇಳಿಯಿತು. ಈ ಪ್ರಶ್ನೆ ಹುಟ್ಟಿದ್ದೇ ಈ ಆಟದಿಂದ.

ಈ ಮಳೆಗಾಲ ಅಪ್ಪನಿಗೆ ಮೊಣಕಾಲು ನೋವು ಜೋರಾಗಿ ತೋಟಕ್ಕೆ ಇಳಿಯಲು ಆಗಲಿಲ್ಲ. ಜಗಲಿಯಲ್ಲಿ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಪರದೆ ನೋಡಿ, "ಅದೇನು ನೆಟ್ಟಿದ್ದೀಯ?" ಅಂದರು. ಬಿಳಿ ಕ್ಯಾರೆಟ್ ಥರದ್ದು ಅಂದೆ. "ಮಳೆ ಬರ್ತಾ ಇದೆಯಲ್ಲ, ನೀರು ಯಾಕೆ ಹಾಕ್ತೀಯ?" ನಿಜ, ಆಟದಲ್ಲೂ ಮಳೆ ದಿನ ನೀರು ಹಾಕಬೇಕಿಲ್ಲ. ಅವತ್ತಿಂದ ಅವರಿಲ್ಲದೆ ಆಟ ತೆರೆದಿಲ್ಲ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆಟದಲ್ಲಿ ಕನ್ನಡ ಇಲ್ಲ. ನಾನು ಜೋರಾಗಿ ಕನ್ನಡದಲ್ಲಿ ಓದುತ್ತೇನೆ, ಏನು ಮಾಡಬೇಕು ಅಂತ ಅವರು ಹೇಳುತ್ತಾರೆ. ಆಟದ ಒಂದು ದಿನ ಸುಮಾರು 14 ನಿಮಿಷ. ಕರೆಂಟ್ ಇಲ್ಲದಾಗ ಬ್ಯಾಟರಿ ಮೂರು ಗಂಟೆ, ಅಂದರೆ 12 ದಿನದ ಬೇಸಾಯ. ಕ್ವಾಲಿಟಿ ಸ್ಪ್ರಿಂಕ್ಲರ್ ಒಂದು ಸುತ್ತಲಿನ 8 ಗುಂಡಿಗೆ ನೀರು ಕೊಡುತ್ತದೆ ಅಂದಾಗ, ಅಪ್ಪ ಕ್ಯಾಲೆಂಡರ್ ಹಾಳೆಯ ಹಿಂದೆ ಚೌಕ ಎಳೆದು ಒಂದು ಗುಂಡಿಗೂ ಎರಡು ಸಲ ನೀರು ಬೀಳದ ಹಾಗೆ ಲೆಕ್ಕ ಹಾಕಿ ಕೊಟ್ಟರು. ಆ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ.

ಆಮೇಲೆ ಕಾಫಿ ಬಂತು. ಶುಕ್ರವಾರ, ಭಾನುವಾರ ಬರುವ ವ್ಯಾಪಾರದ ಗಾಡಿಯಲ್ಲಿ ಆಟದ ದುಡ್ಡು 2,500 ಕೊಟ್ಟು ಒಂದೇ ಒಂದು ಬೀಜ ತಗೊಂಡೆ. ಹತ್ತು ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ನಾಲ್ಕು ನಾಲ್ಕು ಬೀಜ. ಅಪ್ಪನಿಗೆ ನಂಬೋಕೇ ಆಗಲಿಲ್ಲ. ನಮ್ಮಲ್ಲಿ ಗಿಡ ನೆಟ್ಟ ಮೇಲೆ ಫಸಲು ನೋಡೋಕೆ ಮೂರು ನಾಲ್ಕು ವರ್ಷ. ಅದಾದ ಮೇಲೂ ಪ್ರತಿ ವರ್ಷ ಹೂಮಳೆ ಸರಿಯಾದ ಹೊತ್ತಿಗೆ ಬರಬೇಕು. ಆದರೂ ಬೀಜವನ್ನೇ ಮತ್ತೆ ಮತ್ತೆ ನೆಟ್ಟು ಒಂದು ಗಿಡವನ್ನು ಅರವತ್ತು ಮಾಡಿದೆವು. ಸಂಜೆ ಐದಾದರೆ ಸಾಕು, "ಕಾಫಿ ನೋಡೋಣವಾ?" ಅನ್ನುವರು.

ಬೇಸಿಗೆಯ 28ನೇ ದಿನ ಮುಗಿದು ಶರತ್ಕಾಲ ಹುಟ್ಟಿದ ಬೆಳಗ್ಗೆ ಬಾಗಿಲು ತೆರೆದರೆ ಅರವತ್ತೂ ಗಿಡ ಒಣಗಿ ಕಂದುಬಣ್ಣಕ್ಕೆ ತಿರುಗಿ ನಿಂತಿದ್ದವು. ಆಟದಲ್ಲಿ ಕಾಫಿ ವಸಂತ ಮತ್ತು ಬೇಸಿಗೆಗೆ ಮಾತ್ರ. ನನಗೆ ಗೊತ್ತಿತ್ತು, ಅಪ್ಪನಿಗೆ ಹೇಳಲು ಮರೆತಿದ್ದೆ. ಅವರು ಮುಂದಕ್ಕೆ ಬಾಗಿ ಪರದೆಯ ಹತ್ತಿರ ಮುಖ ತಂದು ನೋಡಿದರು. ನಾನು ಚಿಕ್ಕವಳಿದ್ದಾಗ ಕಾಂಡ ಕೊರಕ ಹುಳು ಬಿದ್ದು, ಒಂದು ಪಟ್ಟೆಯ ಗಿಡಗಳನ್ನೆಲ್ಲ ಕಿತ್ತು ಸುಟ್ಟಿದ್ದರು. ಅವತ್ತಿನ ಮುಖ ನನಗೆ ನೆನಪಿದೆ. ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಅವರೇ, "ಪುಟ್ಟೀ, ಬೀಜ ಎತ್ತಿಟ್ಟಿದ್ದೀಯಾ?" ಅಂದರು. ಪೆಟ್ಟಿಗೆ ತೆರೆದು ತೋರಿಸಿದೆ. 43 ಇತ್ತು. "ಸಾಕು ಬಿಡು" ಅಂದು ಕುರ್ಚಿಗೆ ಒರಗಿದರು.

ನವೆಂಬರ್ ಬಂತು, ಅರೇಬಿಕಾ ಹಣ್ಣು ಬಿಡಿಸುವುದು ಶುರುವಾಗಿದೆ. ಈಗ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಮಾತ್ರ ಬಿಡುವು. ಅಪ್ಪನ ಜೊತೆ ಆಡೋಕೆ ಇಂಗ್ಲಿಷ್ ಓದುವುದು ಕಡಿಮೆ ಇರುವ, ಹಳೆ ಲ್ಯಾಪ್‌ಟಾಪ್‌ನಲ್ಲಿ ಓಡುವ ಆಟ ಯಾವುದಾದರೂ ಇದೆಯಾ? ಅವರ ಕೈಗೇ ಮೌಸ್ ಕೊಡಬೇಕು ಅಂತ ಆಸೆ. ಹಾಲೋ ನೈಟ್‌ನ ಮುಂದಿನ ಆಟ ಸಿಲ್ಕ್‌ಸಾಂಗ್ ಆಡಿದವರು ಅದರ ಬಗ್ಗೆಯೂ ಹೇಳಿ, ಅದು ನನಗೆ. ನಾನು ಕಾಯುತ್ತಿರುವುದು ಹಾಂಟೆಡ್ ಚಾಕೊಲೇಟಿಯರ್‌ಗೆ. ಬರೋನ್ ಅವರದ್ದೇ. 2021ರ ಅಕ್ಟೋಬರ್‌ನಲ್ಲಿ ತೋರಿಸಿದರು, ಬಿಡುಗಡೆ ದಿನ ಇನ್ನೂ ಹೇಳಿಲ್ಲ.

ರಾತ್ರಿಪಾಳಿ ಬರೆದಿದ್ದು:

ಅಕ್ಕಾ, ಓದಿ ನಮ್ಮ ತಾತ ನೆನಪಾದರು. ಮೊದಲು ಒಂದು ಒಳ್ಳೆ ಸುದ್ದಿ. ಸ್ಟಾರ್‌ಡ್ಯೂನಲ್ಲಿ ಕಮ್ಯುನಿಟಿ ಸೆಂಟರ್‌ನ ಪ್ಯಾಂಟ್ರಿ ಕೋಣೆಯ ಬಂಡಲ್‌ಗಳನ್ನೆಲ್ಲ, ಅಂದರೆ ಅಲ್ಲಿ ಕೇಳುವ ಫಸಲು ಸಾಮಾನೆಲ್ಲ, ಕೊಟ್ಟು ಮುಗಿಸಿದರೆ ಗ್ರೀನ್‌ಹೌಸ್ (ಗಾಜಿನ ಮನೆ) ರಿಪೇರಿ ಆಗುತ್ತದೆ. ಒಳಗೆ 120 ಗುಂಡಿ. ಅಲ್ಲಿ ಕಾಲದ ಲೆಕ್ಕ ಇಲ್ಲ, ಕಾಫಿ ವರ್ಷವಿಡೀ ಬಿಡುತ್ತದೆ. ಅಪ್ಪನಿಗೆ ಇವತ್ತೇ ಹೇಳಿ.

ಸಿಲ್ಕ್‌ಸಾಂಗ್ ನಾನು ಬಿಡುಗಡೆ ದಿನ, 2025ರ ಸೆಪ್ಟೆಂಬರ್ 4ರಂದೇ ತಗೊಂಡೆ. 2019ರಿಂದ ಕಾದಿದ್ದೆ, ಆಗ ನಾನು ಪಿಯುಸಿ. ಹಳೆಯದಕ್ಕಿಂತ ಕಷ್ಟ, ಅದರಲ್ಲಿ ಅನುಮಾನ ಬೇಡ. ಹಾಲೋ ನೈಟ್‌ನಲ್ಲಿ ಒಂದೊಂದೇ ಮಾಸ್ಕ್ (ಅಂದರೆ ಜೀವ) ತುಂಬಿಕೊಳ್ಳಬಹುದಿತ್ತು. ಇಲ್ಲಿ ರೇಷ್ಮೆ ಒಂಬತ್ತು ಎಳೆ ಕೂಡಬೇಕು, ಆಮೇಲೆ ಒಂದೇ ಸಲಕ್ಕೆ ಮೂರು ಮಾಸ್ಕ್. ಹೊಡೆತ ತಿನ್ನುತ್ತಾ ಎಳೆ ಕೂಡುವವರೆಗೂ ತಾಳ್ಮೆ ಇರಬೇಕು. ಹಂಟರ್ಸ್ ಮಾರ್ಚ್ ಅನ್ನುವ ಇರುವೆಗಳ ಜಾಗಕ್ಕೆ ಬೇಗ ಹೋಗಬೇಡಿ. ಅಲ್ಲಿ ಬೆಂಚು ಕಂಡ ತಕ್ಷಣ ಓಡಿ ಹೋಗಿ ಕೂತೆ, ಅದಕ್ಕೂ ಬಲೆ ಹಾಕಿಟ್ಟಿದ್ದಾರೆ. ಆಟದ ನಾಯಕಿ ಹಾರ್ನೆಟ್ ಓರೆಯಾಗಿ ಕೆಳಗೆ ಎಗರುವುದು ಕೈಗೆ ಕೂರದಿದ್ದರೆ ಹೊಡೆಯುವ ರೀತಿ ಬದಲಿಸುವ ವಾಂಡರರ್ ಕ್ರೆಸ್ಟ್ ಹುಡುಕಿ, ಹಳೆ ಆಟದ ಥರ ನೇರ ಹೊಡೆಯಬಹುದು. ಆದರೆ ಅವಳು ಓಡುವ ರೀತಿ, ಆ ಸಂಗೀತ! ಪಾಳಿ ಮುಗಿಸಿ ಬೆಳಗ್ಗೆ ಆರಕ್ಕೆ ಬಂದು ನಿದ್ದೆ ಬಿಟ್ಟು ಆಡಿದ್ದೇನೆ.

ಅಪ್ಪನಿಗೆ ಅನ್‌ಪ್ಯಾಕಿಂಗ್ ಕೊಡಿ. ಆಸ್ಟ್ರೇಲಿಯಾದ್ದೇ, 2021ರದ್ದು, ಸಣ್ಣ ಆಟ. ಮಾತೇ ಇಲ್ಲ ಅನ್ನಬಹುದು. ಒಬ್ಬ ಹುಡುಗಿ 1997ರಿಂದ 2018ರವರೆಗೆ ಮನೆ ಬದಲಿಸುತ್ತಾ ಹೋಗುತ್ತಾಳೆ. ಡಬ್ಬ ಬಿಚ್ಚಿ ಅವಳ ಸಾಮಾನು ಜೋಡಿಸುವುದಷ್ಟೇ ಕೆಲಸ. 2010ರ ಮನೆಗೆ ಬಂದಾಗ ಅವಳ ಪದವಿ ಸರ್ಟಿಫಿಕೇಟ್ ಎಲ್ಲಿಡುತ್ತೀರಿ ನೋಡಿ. ಹೆಚ್ಚು ಹೇಳುವುದಿಲ್ಲ.

ನಾನು ಕಾಯುತ್ತಿರುವುದು ಜಿಟಿಎ 6ಕ್ಕೆ. ಎರಡು ಸಲ ಮುಂದೆ ಹೋಗಿ ಈಗ 2026ರ ನವೆಂಬರ್ 19 ಅಂದಿದ್ದಾರೆ. ಪಿಸಿಗೆ ಬರುತ್ತದೆ ಅಂತ ಹೇಳಿಲ್ಲ, ಅದಕ್ಕೇ ಪಿಎಸ್5 ಕನ್ಸೋಲ್‌ಗೆ ದುಡ್ಡು ಕೂಡಿಸುತ್ತಿದ್ದೇನೆ.

ಹಿಮದೂರು ಬರೆದಿದ್ದು:

ನಾನು ಟೊರೊಂಟೊದಲ್ಲಿದ್ದೇನೆ, ಮೂಲ ಹಾಸನ. ಆಟ ಆಡುವವಳಲ್ಲ, ಹನ್ನೊಂದು ವರ್ಷದ ಮಗನ ಜೊತೆ ಒಂದೇ ಒಂದು ಆಟ ಮುಗಿಸಿದ್ದೇನೆ. ಅದರ ಹೆಸರು ವೆಣ್ಬಾ. ಇಲ್ಲಿನವರೇ ಮಾಡಿ 2023ರಲ್ಲಿ ಬಿಟ್ಟಿದ್ದು, ಮೊದಲ ಆಟಕ್ಕೇ ಬಾಫ್ಟಾ ಪ್ರಶಸ್ತಿಯೂ ಬಂತು. 1980ರ ದಶಕದಲ್ಲಿ ಕೆನಡಾಕ್ಕೆ ಬಂದ ತಮಿಳು ಕುಟುಂಬ. ಅಮ್ಮ ತಮಿಳಲ್ಲಿ ಕೇಳುತ್ತಾಳೆ, ಮಗ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾನೆ. ನಮ್ಮ ಮನೆಯಲ್ಲಿ ತಮಿಳಿನ ಜಾಗದಲ್ಲಿ ಕನ್ನಡ, ಅಷ್ಟೇ ವ್ಯತ್ಯಾಸ.

ಆಟದ ಆ ಅಮ್ಮನ ತಾಯಿಯ ಅಡುಗೆ ಪುಸ್ತಕ ಹರಿದು ಕಲೆಯಾಗಿ ಅರ್ಧಂಬರ್ಧ ಉಳಿದಿರುತ್ತದೆ. ಬಿಟ್ಟುಹೋದದ್ದನ್ನು ನಾವು ಊಹಿಸಬೇಕು. ಮೊದಲನೆಯದೇ ಇಡ್ಲಿ. ಆವಿ ಎಲ್ಲ ಇಡ್ಲಿಗೂ ತಾಗುವ ಹಾಗೆ ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅನ್ನುವುದೇ ಒಗಟು. ಮಗ ಎರಡು ಸಲ ತಪ್ಪು ಮಾಡಿದ. ನಾನು ಎದ್ದು ಹೋಗಿ ಅಡುಗೆಮನೆಯಿಂದ ನಮ್ಮ ಇಡ್ಲಿ ಸ್ಟ್ಯಾಂಡ್ ತಂದು ಅವನ ಮುಂದಿಟ್ಟೆ. ತಟ್ಟೆ ಬಿಚ್ಚಿ, ತಿರುಗಿಸಿ, ತೂತಿನಲ್ಲಿ ಬೆರಳು ತೂರಿಸಿ ನೋಡಿದ. ಹುಟ್ಟಿದಾಗಿಂದ ಇಡ್ಲಿ ತಿಂದಿದ್ದಾನೆ, ಅದನ್ನು ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಆಮೇಲೆ, "ಅಮ್ಮಾ, ಇದು ಅಜ್ಜಿ ಕೊಟ್ಟಿದ್ದಾ?" ಅಂತ ಕನ್ನಡದಲ್ಲೇ ಕೇಳಿದ.

ಓದುವುದು ಇದೆ, ಆದರೆ ನೀವು ಓದಿ ಹೇಳಬಹುದು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ತಂದೆಯವರಿಗೆ ಖಂಡಿತ ಇಷ್ಟವಾಗುತ್ತದೆ. ನಾನು ಕಾಯುತ್ತಿರುವ ಆಟವನ್ನು ಯಾರೂ ಇನ್ನೂ ಮಾಡಿಲ್ಲ. ಅದರಲ್ಲಿ ಅಕ್ಕಿರೊಟ್ಟಿ ತಟ್ಟಬೇಕು, ಅಮ್ಮ ಕನ್ನಡ ಮಾತಾಡಬೇಕು.

ಕೊಕ್ಕೋಹಣ್ಣು ಬರೆದಿದ್ದು:

ನಾನು ಪುತ್ತೂರಿನವ. ನಮಗೆ ಅಡಿಕೆ ತೋಟದ ನಡುವೆ ಕೊಕ್ಕೋ ಉಂಟು. ಹಸಿ ಬೀಜ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಡುವುದು. 1986ರಿಂದ ಚಾಕೊಲೇಟ್ ಕಾರ್ಖಾನೆ ನಮ್ಮ ಊರಲ್ಲೇ ಉಂಟಲ್ಲ. ಹಾಗಾಗಿ ಹಾಂಟೆಡ್ ಚಾಕೊಲೇಟಿಯರ್‌ಗೆ ನಾನೂ ನಿಮ್ಮಷ್ಟೇ ಕಾಯುತ್ತಾ ಇದ್ದೇನೆ ಮಾರಾಯ್ರೆ. ದೆವ್ವಗಳಿರುವ ಕೋಟೆಯಲ್ಲಿ ಚಾಕೊಲೇಟ್ ಮಾಡಿ ಅಂಗಡಿ ನಡೆಸುವುದು ಅಂತ ತೋರಿಸಿದ್ದಾರೆ. ನನ್ನ ಆಸೆ ಒಂದೇ. ಹಣ್ಣು ಒಡೆದಾಗ ಬೀಜದ ಸುತ್ತ ಬಿಳಿ ತಿರುಳು ಇರುತ್ತದೆ, ಹುಳಿ ಸಿಹಿ. ಅದನ್ನು ಐದಾರು ದಿನ ಮುಚ್ಚಿಟ್ಟು ಹುಳಿಯಲು ಬಿಡದಿದ್ದರೆ ಚಾಕೊಲೇಟಿನ ರುಚಿಯೇ ಬರುವುದಿಲ್ಲ. ಆ ಕೆಲಸ ಆಟದಲ್ಲಿ ಇರಬೇಕು. ನಿಮ್ಮ ಅಪ್ಪ ಕಾಫಿ ನೋಡಿದ ಹಾಗೆ ನಮ್ಮ ಅಪ್ಪನನ್ನು ಅದರ ಎದುರು ಕೂರಿಸಬೇಕು ಅಂತ ಉಂಟು.

ಕಾಫಿಕಣ ಬರೆದಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕಣದಲ್ಲಿ ಕಾಫಿ ಹರಡಿದ್ದರಿಂದ ಬಿಡುವಾಗಲಿಲ್ಲ.

ಅನ್‌ಪ್ಯಾಕಿಂಗ್ ತಗೊಂಡೆವು. ಮೌಸ್ ಅಪ್ಪನ ಕೈಯಲ್ಲಿ. ಮೊದಲ ದಿನ ಕೈ ಅದುರಿ ಸಾಮಾನು ಬೇರೆ ಕಡೆ ಬೀಳುತ್ತಿತ್ತು, ಮೂರನೇ ದಿನಕ್ಕೆ ಸರಿಯಾಯಿತು. ರಾತ್ರಿಪಾಳಿ, ನೀವು ಹೇಳಿದ 2010ರ ಮನೆ ಬಂತು. ಅಪ್ಪ ಆ ಸರ್ಟಿಫಿಕೇಟ್ ಹಿಡಿದು ಗೋಡೆ ಗೋಡೆಗೂ ಹೋದರು. ಎಲ್ಲ ಕಡೆ ಅವಳ ಜೊತೆಗಿರುವ ಹುಡುಗನ ಸಾಮಾನೇ. ಎಲ್ಲಿ ಇಟ್ಟರೂ ಆಟ ಒಪ್ಪಲಿಲ್ಲ. ಕೊನೆಗೆ ಮಂಚದ ಕೆಳಗೆ ತಳ್ಳಿದಾಗ ಒಪ್ಪಿತು. ಅಪ್ಪ ಮೌಸ್ ಬಿಟ್ಟು, "ಈ ಮನೇಲಿ ಅವಳು ಇರಬಾರದು" ಅಂದರು. ಒಂದು ಅಕ್ಷರ ಓದದೆ ಕಥೆ ಪೂರ್ತಿ ಅರ್ಥವಾಗಿತ್ತು. ಮುಂದಿನ ಮನೆಗೆ ಅವಳು ಒಬ್ಬಳೇ ಬಂದಾಗ ಅವರಿಗೆ ಎಷ್ಟು ಸಮಾಧಾನವಾಯಿತು ಅಂದರೆ, ಅವತ್ತು ಇನ್ನೂ ಅರ್ಧ ಗಂಟೆ ಆಡಿದರು.

ಹಿಮದೂರು ಅವರೇ, ವೆಣ್ಬಾ ಈ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ. ಸಿಲ್ಕ್‌ಸಾಂಗ್ ಕೊಯ್ಲು ಮುಗಿದ ಮೇಲೆ.

ಗ್ರೀನ್‌ಹೌಸ್ ವಿಷಯ ಹೇಳಿದ ರಾತ್ರಿ ಅಪ್ಪ ಮತ್ತೆ ಹಾಳೆ ತೆಗೆದು 120 ಗುಂಡಿಗೆ ಚೌಕ ಎಳೆದಿದ್ದಾರೆ. ಪ್ಯಾಂಟ್ರಿಗೆ ಬಾಕಿ ಇರುವುದು ಕುಂಬಳಕಾಯಿ ಒಂದೇ. ಆಟದಲ್ಲಿ ಶರತ್ಕಾಲದ 9ಕ್ಕೆ ನೆಟ್ಟಿದ್ದೇವೆ, 13 ದಿನ ಬೇಕು. 22ಕ್ಕೆ ಕೊಯ್ಯಬಹುದು ಅಂತ ಅಪ್ಪ ಹಾಳೆಯ ಮೂಲೆಯಲ್ಲಿ ಬರೆದಿಟ್ಟಿದ್ದಾರೆ.