ಮನ್ಯಾಗ ಸಾಫ್ಟ್ ಬೇಟ್ ಹೊಯ್ಯೋದು: ಪಿಒಪಿ ಅಚ್ಚೋ, ಸಿಲಿಕಾನೋ?

ಪ್ರಶ್ನೆ (ಹುಬ್ಬಳ್ಳಿ): ವರದಾ ಹೊಳಿ ಮುರ್ರೆಲ್ ಮೀನಿಗೆ 4 ಇಂಚಿನ ಪ್ಯಾಡಲ್ ಟೇಲ್ (ಹುಟ್ಟಿನಂಥ ಬಾಲದ ಸಾಫ್ಟ್ ಬೇಟ್, ಗಾಳಕ್ಕ ಹಾಕೋ ಮೆತ್ತನ ಪ್ಲಾಸ್ಟಿಕ್ ಮೀನು) ಮನ್ಯಾಗ ಮಾಡಬೇಕಂತ ಅದೀನಿ. ಹಳೇ ಮೈಕ್ರೋವೇವ್ ಅದ, ಹರದ ಬೇಟ್ ಅರ್ಧ ಕಿಲೋ ಅದಾವ. ಅಚ್ಚಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸಾಕೇನ್ರಿ, ಸಿಲಿಕಾನೇ ಬೇಕೇನು?

ವರದಾ ದಂಡಿ, ಹಾವೇರಿ: ಪಿಒಪಿ ಸಾಕ್ರಿ. 2 ಬಟ್ಟಲ ಪುಡಿಗೆ 1 ಬಟ್ಟಲ ನೀರು. ಅಚ್ಚಿನ ಮೊದಲ ಅರ್ಧ ಹೋಳಿನ ಮಾರಿಗೆ ವ್ಯಾಸಲಿನ್ ಸವರಿನೇ ಎರಡನೇ ಹೋಳು ಹೊಯ್ರಿ, ಇಲ್ಲಂದ್ರ ಎರಡೂ ಒಂದ ಕಲ್ಲು ಆಗ್ತಾವು. ಒಣಗಸೋದ್ರಾಗ ಮಾತ್ರ ಅವಸರ ಬ್ಯಾಡ. ಮ್ಯಾಲೆ ಬೆಳ್ಳಗ ಕಂಡ್ರೂ ಒಳಗ ನೀರು ಇರ್ತೇತಿ. ಕಾದ ಪ್ಲಾಸ್ಟಿಕ್ ಬಿದ್ದ ಕೂಡ್ಲೇ ಅದು ಆವಿ ಆಗಿ ಪ್ಲಾಸ್ಟಿಕ್ಕನ್ನ ಮಾರಿಗೆ ಸಿಡಸ್ತೇತಿ. ದಿನಾ ಅಚ್ಚು ತೂಗ್ರಿ, ತೂಕ ಇಳಿಯೋದು ನಿಂತ ಮ್ಯಾಲೆ ಫೆವಿಕಾಲ್‌ಗೆ ಸಮ ನೀರು ಕೂಡಿಸಿ 3 ಕೋಟ್ ಹೊಡೀರಿ. ಹರದ ಬೇಟ್ ಕರಗಿಸಿ ಹೊಯ್ರಿ, ಖರ್ಚ ಇಲ್ಲ.

ಗೋಕುಲ ರೋಡ್ ಟರ್ನರ್: ಫೆವಿಕಾಲ್ ಪದರು ಬಿಸಿಗೆ ಮೆತ್ತಗಾಗಿ ಬೇಟಿಗೆ ಅಂಟಿ ಸುಲೀತದ. ಪಿಒಪಿನೇ ಬೇಕಂದ್ರ ತೆಳು ಎಪಾಕ್ಸಿ ಹಚ್ಚಬೇಕು. ಅಷ್ಟು ಖಟಪಟಿ ಯಾಕ? ಎರಡು ಹೋಳಿನ ಅಚ್ಚಿಗೆ 300–400 ಗ್ರಾಂ ಸಿಲಿಕಾನ್ ಸಾಕು, ಕಿಲೋ ಸಾವಿರ ಅಂತ ಹಿಡಿದ್ರೂ 400 ರೂಪಾಯಿ. ಸಾದಾ ಸಿಲಿಕಾನ್‌ನ ಹಾರ್ಡನರ್ (ಗಟ್ಟಿ ಮಾಡೋ ದ್ರವ) 100 ಗ್ರಾಂಗೆ 3ರಿಂದ 5 ಗ್ರಾಂ, ತಕ್ಕಡಿ ಮ್ಯಾಲೆ ತೂಗಿ ಹಾಕ್ರಿ, ಕಣ್ಣಂದಾಜು ನಡೆಯೋದಿಲ್ಲ. ಪ್ಲಾಟಿನಂ ಸಿಲಿಕಾನ್ (ಪ್ಲಾಟಿನಂನಿಂದ ಗಟ್ಟಿ ಆಗೋದು) ತಂದ್ರ ಗಂಧಕ ಇರೋ ಕ್ಲೇ ಹತ್ರ ಒಯ್ಯಬ್ಯಾಡ್ರಿ, ಮುಟ್ಟಿದಲ್ಲೆಲ್ಲ ಅಂಟಂಟಾಗೇ ಉಳೀತದ. ಇನ್ನ ಪ್ಯಾಡಲ್ ಟೇಲ್‌ನ ಸಣ್ಣ ಕುತ್ತಿಗಿ ಹತ್ರ ಗಾಳಿ ಸಿಗಬೀಳ್ತದ. ಬಾಲದ ತುದಿಗೆ 1 ಮಿಮೀ ಗಾಳಿದಾರಿ ಕೊರೀದಿದ್ರ ಯಾವ ಅಚ್ಚಿನ್ಯಾಗೂ ಬಾಲ ಅರ್ಧಾನೇ ತುಂಬ್ತದ.

ವರದಾ ದಂಡಿ, ಹಾವೇರಿ: ಎಪಾಕ್ಸಿ ಖರ್ಚ ಯಾಕ ಬರೀಲಿಲ್ರಿ? ಸಿಲಿಕಾನ್ ಹಾರ್ಡನರ್ ಬಾಟ್ಲಿ ಒಮ್ಮೆ ತಗದ್ರ ಗಾಳಿ ತ್ಯಾವಕ್ಕ ಕೆಡ್ತೇತಿ, ಉಳಿದ ಅರ್ಧ ಕಿಲೋ ಸಿಲಿಕಾನ್ ದಂಡ. ಅದನ್ನೂ ಲೆಕ್ಕಕ್ಕ ಹಿಡೀರಿ.

ಗದಗ ಗಾಳ: ನೀವಿಬ್ರೂ ಅಚ್ಚಿಗೇ ಬಡದಾಡ್ರಿ. ಕೆಡೋದು ಅಚ್ಚಿಗೆ ಹೊಯ್ಯೋ ಪಿವಿಸಿ ಮಾಲಿನೊಳಗ. ಪಿವಿಸಿ ಪುಡಿ ಕೇಳಿದ್ರ ಅಂಗಡ್ಯಾಗ ಪೈಪಿನ ಸಸ್ಪೆನ್ಷನ್ ಗ್ರೇಡ್ ಕೊಟ್ಟು ಕಳಸ್ತಾರ. ಅದು ಉಸುಕಿನಂಗ ತಳಕ್ಕ ಕುಂದರ್ತೈತಿ, ಮೆತ್ತಗ ಮಾಡೋ ಎಣ್ಣಿಯೊಳಗ ಎಷ್ಟು ತಿರುವಿದ್ರೂ ಹಾಲಿನಂಗ ಆಗಂಗಿಲ್ಲ. ‘ಪೇಸ್ಟ್ ಗ್ರೇಡ್’ ಅಂತ ಚೀಲದ ಮ್ಯಾಲೆ ಬರದದ್ದು ನೋಡೇ ರೊಕ್ಕ ಕೊಡ್ರಿ. ತಯಾರ್ ಪ್ಲಾಸ್ಟಿಸಾಲ್ (ಈ ಪುಡಿ, ಎಣ್ಣಿ ಕೂಡಿಸಿದ ಹಾಲು) ಸಿಕ್ರ ಇನ್ನೂ ಚಲೋ, 100 ಮಿಲಿಗೆ ಹತ್ತು-ಹನ್ನೆರಡು ಬೇಟ್ ಬೀಳ್ತಾವು. ಮೆತ್ತಗ ಬೇಕಂದ್ರ 15 ಮಿಲಿ ಡಿಒಟಿಪಿ (ಅದ ಮೆತ್ತಗ ಮಾಡೋ ಎಣ್ಣಿ) ಕೂಡಸ್ರಿ. ಉಪ್ಪು ಹಾಕಿದ್ರ ತೂಕ ಬರ್ತೈತಿ ಖರೆ, ಆದ್ರ ಮುರ್ರೆಲ್ ಒಂದ ಕಡತಕ್ಕ ಹರೀತೈತಿ. ಹರದ ಬೇಟ್ ಒಂದನ್ನ ಬರೇ ಕರಗಿಸಿದ್ರ ಹಳದಿ ಆಗಿ ಬಿರುಸಾಗ್ತಾವು; ಹೀಟ್ ಸ್ಟೆಬಿಲೈಸರ್ (ಬಿಸಿಗೆ ಕೆಡದಂಗ ತಡಿಯೋ ದ್ರವ) ನಾಕ ಹನಿ, ಹೊಸಾ ಪ್ಲಾಸ್ಟಿಸಾಲ್ ಒಂದಿಷ್ಟ ಕೂಡಸಬೇಕು. ಖರ್ಚ ಇಲ್ಲ ಅನ್ನೋದು ಸುಳ್ಳ.

ಧಾರವಾಡ ಕೆರಿ: ಉಷ್ಣತಾ ಯಾರೂ ಹೇಳವಲ್ರಿ! ಪ್ಲಾಸ್ಟಿಸಾಲ್ ಕಾಸಿದ್ರ ಮೊದಲ ಹಾಲು, ಆಮೇಲೆ ಮುದ್ದಿ, 170–175 ಡಿಗ್ರಿಗೆ ತಿಳಿ ಎಣ್ಣಿಯಂಗ ಆಗ್ತದ, ಹೊಯ್ಯೋದು ಆವಾಗ. 200 ಸಮೀಪ ಹೋದ್ರ ಹಳದಿ, ಹೊಗಿ. ಆ ಹೊಗಿಯೊಳಗ ಹೈಡ್ರೋಕ್ಲೋರಿಕ್ ಆಮ್ಲ ಇರ್ತದ. ಅರಿವಿ ಮಾಸ್ಕ್ ಅದನ್ನ ತಡ್ಯೂದಿಲ್ಲ, ಆಸಿಡ್ ಗ್ಯಾಸ್ ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು, ಕಟ್ಟಿ ಮ್ಯಾಲೆ ಗಾಳಿಗೆ ಬೆನ್ನು ಕೊಟ್ಟು ಕಾಸಬೇಕು. ಮೈಕ್ರೋವೇವ್‌ನಾಗ ಒಂದೂವರೆ ನಿಮಿಷ ಆದಮ್ಯಾಲೆ 30 ಸೆಕೆಂಡಿಗೊಮ್ಮೆ ತಗದು ತಿರುವ್ರಿ, ಇಲ್ಲಂದ್ರ ಒಂದ ಕಡೆ ಸುಟ್ಟು ಇನ್ನೊಂದ ಕಡೆ ಹಸಿ ಉಳೀತದ. ಆ ಮೈಕ್ರೋವೇವ್‌ನಾಗ ಮತ್ತ ಅನ್ನ ಬಿಸಿ ಮಾಡಬ್ಯಾಡ್ರಿ. ಈ ಪಿವಿಸಿ ಗೊಡವಿನೇ ಬ್ಯಾಡಂದ್ರ ಜಿಲೆಟಿನ್-ಗ್ಲಿಸರಿನ್ ಅದ.

ಗದಗ ಗಾಳ: ಜಿಲೆಟಿನ್? ಏಪ್ರಿಲ್ ಬಿಸಲಾಗ ಚೀಲದಾಗ ಪಾಯಸ ಆಗ್ತೈತಿ. ನೀರಿನ್ಯಾಗ ನೆನದು ಗಾಳದಿಂದ ಜಾರ್ತೈತಿ. ಮೀನ ಹಿಡ್ಯಾವ್ರಿಗೆ ಹೇಳೋ ಮಾತಲ್ಲ ಅದು.

ಧಾರವಾಡ ಕೆರಿ: ಹರದ ಪಿವಿಸಿ ಹೊಳಿ ತಳಕ್ಕ ಬಿದ್ರ ಅಲ್ಲೇ ಉಳೀತದ. ಅದಕ್ಕ ಉತ್ತರಾ ಕೊಡ್ರಿ ಮೊದಲ.

ಗದಗ ಗಾಳ: ಹರದದ್ದು ಕಿಸೆದಾಗ ಹಾಕ್ಕೊಂಡ ಬರೋದು, ಉತ್ತರಾ ಅಷ್ಟ.

ವರದಾ ದಂಡಿ, ಹಾವೇರಿ: ಕರಗೋ ಮಾತು ಬಂತಂದ್ರ ಬೇಟ್ ಇಡೋ ಡಬ್ಬಿ ಬಗ್ಗೆನೂ ಕೇಳ್ರಿ. ಗಾಜಿನಂಗ ಕಾಣೋ ಪಾಲಿಸ್ಟೈರೀನ್ ಡಬ್ಬಿ ಸಾಫ್ಟ್ ಬೇಟ್ ತಾಗಿ ಅಂಟಾಗಿ ಕೂಡ್ತೇತಿ, ಡಬ್ಬಿನೂ ಹೋತು ಬೇಟೂ ಹೋತು. ಪಾಲಿಥಿನ್ ಚೀಲದಾಗ ಇಡ್ರಿ, ಕರೇದು ಬ್ಯಾರೆ, ಬಿಳೇದು ಬ್ಯಾರೆ. ಕೂಡಿಟ್ರ ಒಂದರ ಬಣ್ಣ ಇನ್ನೊಂದಕ್ಕ ಹತ್ತೇತಿ. ಮತ್ತ ಫೆವಿಕಾಲ್ ಸುಲೀತದ ಅಂದವ್ರು 3 ಕೋಟ್ ನಡುವ ಪೂರಾ ಒಣಗಿಸ್ಯಾರೇನು ಹೇಳಲಿ.