ಹೇಲಿ-ಹೇಲಿ ಕಾಯಿಲೆ: ಸ್ಟೀರಾಯ್ಡ್ ಟ್ಯೂಬ್ ಬಿಡಲಾಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ಬದಿಯಡ್ಕದಿಂದ:
ನಮ್ಮ ಯಜಮಾನರಿಗೆ ಕಂಕುಳು, ತೊಡೆಸಂದಿನ ಚರ್ಮ ಒಡೆದು ಉರಿಯುತ್ತದೆ. ಸೆಕೆಗಾಲದಲ್ಲಿ, ಮಳೆಗಾಲದಲ್ಲಿ ಜಾಸ್ತಿ. ಮಂಗಳೂರಿನಲ್ಲಿ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಮಾಡಿ ಹೇಲಿ-ಹೇಲಿ ಎಂದರು. ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್ ಟ್ಯೂಬ್ ಹಚ್ಚಿದರೆ ನಾಲ್ಕೈದು ದಿನದಲ್ಲಿ ಆರಾಮ, ಬಿಟ್ಟರೆ ಮತ್ತೆ ಶುರು. ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತದೆ ಎಂದು ವರ್ಷವಿಡೀ ತಂದು ಹಚ್ಚುತ್ತಿದ್ದಾರೆ. ಈಗ ತೊಡೆಯಲ್ಲಿ ಕೆಂಪು ಗೀರು ಬಿದ್ದಿದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ, ಪೆರ್ಲದಿಂದ:
ಅಕ್ಕ, ನಮ್ಮ ಅಪ್ಪನಿಗೂ ತಮ್ಮನಿಗೂ ಇದೇ ಕಾಯಿಲೆ. ಮೊದಲು ಆ ಗೀರಿನ ವಿಷಯ. ಅದು ಚರ್ಮ ತೆಳುವಾದ ಗುರುತು. ಬಣ್ಣ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಅಪ್ಪನ ತೊಡೆಸಂದು ಕೊನೆಕೊನೆಗೆ ಈರುಳ್ಳಿ ಸಿಪ್ಪೆಯ ಹಾಗಾಗಿತ್ತು. ಒಳಗಿನ ನೀಲಿ ನರ ಕಾಣುತ್ತಿತ್ತು, ಬೈರಾಸು ತಾಗಿದರೂ ರಕ್ತ ಜಿನುಗುತ್ತಿತ್ತು. ಆಗ ಅದು ಕಾಯಿಲೆಯ ಗಾಯವೋ ಮದ್ದಿನದ್ದೋ ಎಂದು ಹೇಳುವುದೇ ಕಷ್ಟ.

ಕ್ಲೋಬೆಟಸಾಲ್ ಅತಿ ಜೋರಿನ ಸ್ಟೀರಾಯ್ಡ್. ಒಂದೇ ಸಮನೆ ಎರಡು ವಾರ, ವಾರಕ್ಕೆ 50 ಗ್ರಾಂ, ಅದರಾಚೆ ಹಚ್ಚಬಾರದು ಎಂಬುದು ಸಾಮಾನ್ಯ ಮಿತಿ. ಸಂದುಗಳಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಚರ್ಮವೇ ತೆಳು, ಮೇಲೆ ಬೆವರು, ಚರ್ಮಕ್ಕೆ ಚರ್ಮ ಒತ್ತಿಕೊಂಡು ಮದ್ದು ಜಾಸ್ತಿ ಒಳಗಿಳಿಯುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಈ ಹುಣ್ಣುಗಳಿಗೆ ಫಂಗಸ್, ಬ್ಯಾಕ್ಟೀರಿಯಾ ಬೇಗ ಸೇರಿಕೊಳ್ಳುತ್ತವೆ. ಸ್ಟೀರಾಯ್ಡ್ ಕೆಂಪು, ತುರಿಕೆ ಎರಡನ್ನೂ ಅಡಗಿಸಿಬಿಡುತ್ತದೆ. ಗುಣವಾಯಿತು ಎಂದುಕೊಂಡಿರುತ್ತೇವೆ, ಒಳಗೊಳಗೇ ಸೋಂಕು ಹಬ್ಬುತ್ತಿರುತ್ತದೆ. ವಾಸನೆ, ಕೀವು, ಇದ್ದಕ್ಕಿದ್ದಂತೆ ನೋವು ಬಂದರೆ ಟ್ಯೂಬ್ ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ.

ಹಾಗಂತ ಸ್ಟೀರಾಯ್ಡೇ ಕೆಟ್ಟದ್ದು ಅಂತ ಅಲ್ಲ. ತಮ್ಮನೂ ಹಚ್ಚುತ್ತಾನೆ. ಆದರೆ ಉಲ್ಬಣಿಸಿದಾಗ ಮಾತ್ರ, ಡಾಕ್ಟರು ಹೇಳಿದಷ್ಟೇ ದಿನ. ಆಮೇಲೆ ಟ್ಯಾಕ್ರೋಲಿಮಸ್ ಮುಲಾಮು. ಅದು ಸ್ಟೀರಾಯ್ಡ್ ಅಲ್ಲ, ಚರ್ಮ ತೆಳು ಮಾಡುವುದಿಲ್ಲ. ಮೊದಮೊದಲು ಸ್ವಲ್ಪ ಉರಿಯುತ್ತದೆ. ಬೆವರು ತಗ್ಗಿಸಲು ಕೆಲವರಿಗೆ ಬೊಟಾಕ್ಸ್ ಇಂಜೆಕ್ಷನ್ ಕೂಡ ಕೊಡುತ್ತಾರೆ, ದುಬಾರಿ. ನಮ್ಮಲ್ಲಿ ಜಾಸ್ತಿ ಉಪಕಾರವಾದದ್ದು ಬಟ್ಟೆಯ ವಿಷಯ. ತೋಟದಿಂದ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಸಂದನ್ನು ಉಜ್ಜದೆ ಒತ್ತಿ ಒರೆಸಿ, ಸಡಿಲವಾದ ಹತ್ತಿ ಮುಂಡು ಉಡುವುದು. ಮಳೆಗೆ ಪ್ಲಾಸ್ಟಿಕ್ ಕೋಟು ಹಾಕಿ ಅಡಿಕೆ ಹೆಕ್ಕಿದ ದಿನ ಅವನಿಗೆ ಖಂಡಿತ ಉರಿ.

ಉತ್ತರ, ಉಪ್ಪಳದಿಂದ:
ನನ್ನ ಅಮ್ಮನದು ಬೇರೆ ಕಾಯಿಲೆ, ಲೈಕನ್ ಪ್ಲೇನಸ್ ಎಂಬ ತುರಿಕೆಯ ಚರ್ಮರೋಗ. ಆದರೆ ಟ್ಯೂಬಿನ ಕಥೆ ಇದೇ. ಮನೆಯಲ್ಲಿ ಬೇರೆ ಬೇರೆ ಹೆಸರಿನ ಟ್ಯೂಬುಗಳಿದ್ದವು. ಸಣ್ಣ ಅಕ್ಷರ ಓದಿದರೆ ಎಲ್ಲದರಲ್ಲೂ ಕ್ಲೋಬೆಟಸಾಲ್ ಪ್ರೊಪಿಯೋನೇಟ್! ಒಂದರಲ್ಲಿ ಅದರ ಜೊತೆಗೆ ಫಂಗಸ್ ಮದ್ದೂ ಬೆರೆಸಿತ್ತು. ಅಮ್ಮನಿಗೆ ಇಂಗ್ಲಿಷ್ ಬಾರದು, ಮಲಯಾಳವೂ ಓದಲು ಬಾರದು. ಈಗ ನಾನೇ ಟ್ಯೂಬಿನ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸುತ್ತೇನೆ: ಎಲ್ಲಿಗೆ, ಯಾವಾಗ ಶುರು, ಯಾವಾಗ ನಿಲ್ಲಿಸಬೇಕು. ತೋರುಬೆರಳಿನ ಕೊನೆಯ ಗೆರೆಯಿಂದ ತುದಿವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಇಂಥ ಕ್ರೀಮುಗಳಿಗೆ ಡಾಕ್ಟರ ಚೀಟಿ ಬೇಕೇ ಬೇಕು ಎಂದು 2018ರಲ್ಲೇ ನಿಯಮ ಬಂದಿದೆ. ಕೇಳಿದ ಕೂಡಲೇ ಕೊಡುವ ಅಂಗಡಿ ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಇವತ್ತೇ ನಿಲ್ಲಿಸಿಬಿಡಲಾ?

ಪೆರ್ಲದಿಂದ:
ಬೇಡ ಅಕ್ಕ, ನೀವಾಗಿಯೇ ನಿಲ್ಲಿಸಬೇಡಿ. ಇಷ್ಟು ಕಾಲ ಹಚ್ಚಿದ್ದನ್ನು ಒಮ್ಮೆಲೇ ಬಿಟ್ಟರೆ ಉರಿ, ಕೆಂಪು ದುಪ್ಪಟ್ಟಾಗಿ ಬರಬಹುದು. ತುಂಬಾ ಅಗಲಕ್ಕೆ ಹಚ್ಚಿದ್ದರೆ ದೇಹವೇ ತಯಾರಿಸುವ ಸ್ಟೀರಾಯ್ಡ್ ಕೂಡ ಕಡಿಮೆಯಾಗಿರಬಹುದು. ಈ ವಾರವೇ ಮನೆಯಲ್ಲಿರುವ ಟ್ಯೂಬನ್ನೆಲ್ಲ, ಖಾಲಿಯಾದದ್ದನ್ನೂ, ಚೀಲಕ್ಕೆ ಹಾಕಿಕೊಂಡು ಚರ್ಮದ ಡಾಕ್ಟರಿಗೆ ತೋರಿಸಿ. ಹೇಗೆ ಇಳಿಸುತ್ತಾ ಬರಬೇಕೆಂದು ಅವರೇ ಹೇಳುತ್ತಾರೆ.

ಇದು ಅಂಟುವ ಕಾಯಿಲೆ ಅಲ್ಲ. ಬಟ್ಟೆ, ಹಾಸಿಗೆ ಬೇರೆ ಮಾಡಿ ಅವರಿಗೆ ಬೇಸರ ಮಾಡಬೇಡಿ. ಆದರೆ ವಂಶದಲ್ಲಿ ಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆಯೇ ಕಾಣಿಸಿಕೊಳ್ಳುವುದು. ಮುಂದೆ ಮಕ್ಕಳಿಗೆ ಸಂದಿನಲ್ಲಿ ಉರಿ ಬಂದರೆ ಹುಳುಕಡ್ಡಿ ಎಂದು ಸುಮ್ನೆ ಟ್ಯೂಬ್ ತರಬೇಡಿ. ಅಪ್ಪನ ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಹೋಗಲಿ.