ಪಾರ್ಕಿನ ಹಿಂದಿನ ಗೇಟಿಗೆ ಬೀಗ, ಒಳಗೆ ಗುಂಡಿ: ಭಾನುವಾರ ಬೆಳಿಗ್ಗೆ ಎಲ್ಲರೂ ಸೇರೋಣ

4ನೇ ಅಡ್ಡರಸ್ತೆ, ಮನೆ 27 · ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಪಾರ್ಕಿನ ಹಿಂದಿನ ಗೇಟಿಗೆ ಬೀಗ ಬಿದ್ದು ಇವತ್ತಿಗೆ 19 ದಿನ. ಏನೋ ರಿಪೇರಿ ಇರಬೇಕು ಅಂದುಕೊಂಡು ಸುಮ್ನಿದ್ದೆ. ಇವತ್ತು ಸಂಜೆ ಒಳಗಿನಿಂದ ಹೋಗಿ ನೋಡಿದೆ. ಗೇಟಿನ ಪಕ್ಕ ನೀಲಿ ಟಾರ್ಪಾಲು ಕಟ್ಟಿದ್ದಾರೆ. ಅದರ ಹಿಂದೆ ಆರು ಗುಂಡಿ, ಒಂದೊಂದೂ ಎದೆಮಟ್ಟ ಆಳ. ಒಂದು ಗುಂಡಿಯಂತೂ ದೊಡ್ಡ ಹೊಂಗೆಮರದ ಬುಡದಿಂದ ಮೂರೇ ಅಡಿ. ನನ್ನ ತೋಳಿನಷ್ಟು ದಪ್ಪದ ಬೇರನ್ನು ಕಡಿದು ಹಾಕಿದ್ದಾರೆ. ಕಡಿದ ಜಾಗ ಮುಟ್ಟಿದೆ, ಇನ್ನೂ ಹಸಿ ಇದೆ. ಒಂದು ಲೋಡು ಎಂ ಸ್ಯಾಂಡ್, ಜಲ್ಲಿ, ಕಂಬಿ ಬಂದು ಬಿದ್ದಿವೆ. ಕಾಮಗಾರಿಯ ಬೋರ್ಡು ಎಲ್ಲೂ ಇಲ್ಲ. ಕೆಲಸದವರನ್ನು ಕೇಳಿದೆ. "ಸಮುದಾಯ ಭವನ ಅಂತೆ ಅಮ್ಮ, ಮೇಸ್ತ್ರಿ ಹೇಳಿದ್ದು ಅಷ್ಟೇ" ಅಂದರು.

ಇದು ಬರೀ ಮರ ಗಿಡದ ವಿಷಯ ಅಲ್ಲ. ಆ ಗೇಟು ನಮಗೆಲ್ಲ ಬಸ್ ಸ್ಟಾಪಿಗೆ ಹೋಗುವ ದಾರಿ. ಆಚೆ ಕಾಲಿಟ್ಟರೆ ಸ್ಟಾಪು. ಈಗ ಮುಂದಿನ ಗೇಟಿನಿಂದ ಮುಖ್ಯರಸ್ತೆಗೆ ಸುತ್ತಿ ಬರಬೇಕು. ಗಡಿಯಾರ ನೋಡಿಕೊಂಡೇ ನಡೆದೆ. ಮೊದಲು ಮನೆಯಿಂದ 4 ನಿಮಿಷ, ಈಗ 13. ಅದರಲ್ಲಿ ಅರ್ಧ ದಾರಿಗೆ ಫುಟ್‌ಪಾತೇ ಇಲ್ಲ. ಮೋರಿಯ ಚಪ್ಪಡಿ ಎರಡು ಕಡೆ ಕುಸಿದಿದೆ. ನಾಲ್ಕು ಕಂಬದಲ್ಲಿ ಲೈಟಿಲ್ಲ.

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದಾಗ ನಾವೆಲ್ಲ ಎಷ್ಟು ಖುಷಿಪಟ್ಟೆವು, ನೆನಪಿದೆಯಾ? ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ, ಇನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒದ್ದಾಡುವುದು ತಪ್ಪಿತು ಅಂತ. ಆದರೆ ನಿಲ್ದಾಣಕ್ಕೆ ಹೋಗುವ ಬಸ್ಸು ಹತ್ತುವ ದಾರಿಯೇ ಮುಚ್ಚಿದರೆ ಮೆಟ್ರೋ ಇದ್ದು ಏನು ಬಂತು? ಬೆಳಿಗ್ಗೆ ಆರೂವರೆಗೆ ಮನೆಗೆಲಸಕ್ಕೆ ಬರುವ ಹೆಂಗಸರು ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಿನಲ್ಲೇ ಬರುತ್ತಾರೆ. ಕತ್ತಲಲ್ಲಿ ಆ ಮೋರಿ ಪಕ್ಕ ನಡೆಯುತ್ತಿರುವವರು ಅವರು. ಈ ಗುಂಪಿನಲ್ಲಿ ಅವರ ನಂಬರ್ ಇಲ್ಲ, ಅದಕ್ಕೇ ಅವರ ಪರವಾಗಿಯೂ ಕೇಳುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ 7ಕ್ಕೆ ಹೊಂಗೆಮರದ ಹತ್ತಿರ ಸೇರೋಣವಾ?

6ನೇ ಅಡ್ಡರಸ್ತೆ, ಮೊದಲ ಮಹಡಿ · ರಾತ್ರಿ 9:52

ನಾನು ಬರುತ್ತೇನೆ ಅಕ್ಕಾ. ಫೋಟೋ ಇದ್ದರೆ ಹಾಕಿ.

2ನೇ ಮುಖ್ಯರಸ್ತೆ, ಮನೆ 14 · ರಾತ್ರಿ 10:05

ಮೇಡಂ, ನನ್ನದು ಬೇರೆ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ. ಸಮುದಾಯ ಭವನ ಬೇಕು ಅಂತ ಹತ್ತು ವರ್ಷದಿಂದ ಕೇಳುತ್ತಿರುವವರಲ್ಲಿ ನಾನೂ ಒಬ್ಬ. ಮಗಳ ನಿಶ್ಚಿತಾರ್ಥಕ್ಕೆ ಚೌಲ್ಟ್ರಿ ಬಾಡಿಗೆ ಕೇಳಿ ತಲೆ ತಿರುಗಿತು. ಕೊನೆಗೆ ಟೆರೇಸಿನ ಮೇಲೆ ಶಾಮಿಯಾನ ಹಾಕಿಸಿ ಮಾಡಿದೆವು. ಮಳೆ ಬಂದು ಅರ್ಧ ಜನ ಊಟಕ್ಕೆ ಕೂರಲಿಲ್ಲ. ಎಲ್ಲರಿಗೂ ಸ್ವಂತ ದುಡ್ಡಿನಲ್ಲಿ ಹಾಲ್ ಹಿಡಿಯಲು ಆಗುವುದಿಲ್ಲ. ಪಾರ್ಕಿನ ಒಂದು ಮೂಲೆ ತಾನೇ ಹೋಗುವುದು?

1ನೇ ಮುಖ್ಯರಸ್ತೆ, ಮನೆ 8 · ಶುಕ್ರವಾರ, ಬೆಳಿಗ್ಗೆ 6:30

ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಭವನ ಬೇಕು ಅನ್ನುವುದಕ್ಕೆ ನನ್ನ ಬೆಂಬಲವೂ ಇದೆ. ಆದರೆ ಜಾಗ ಅದಲ್ಲ. ವಕೀಲಿ ಮಾಡುವವನಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮದು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15 ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಅದು ಬಿಟ್ಟು ಇನ್ನೂ ಶೇ. 10 ನಾಗರಿಕ ಸೌಲಭ್ಯಕ್ಕೆ, ಅಂದರೆ ನಾವು ಸಿಎ ಸೈಟು ಅನ್ನುತ್ತೇವಲ್ಲ, ಅದಕ್ಕೆ. ಎರಡೂ ಬೇರೆ ಬೇರೆ ಲೆಕ್ಕ. 38ಎ ಕಲಂ ಇನ್ನೂ ಸ್ಪಷ್ಟ: ಪಾರ್ಕಿಗೆ ಅಂತ ಇಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವ ಹಾಗಿಲ್ಲ. ಕೊಟ್ಟರೂ ಅದು ಊರ್ಜಿತವಲ್ಲ. ಇದರ ಜೊತೆಗೆ 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಯ ರಾಜ್ಯ ಕಾಯ್ದೆಯೂ ಇದೆ.

"ಇವೆಲ್ಲ ಪುಸ್ತಕದಲ್ಲಿ" ಅಂತ ಯಾರಿಗಾದರೂ ಅನ್ನಿಸಬಹುದು. ನಮ್ಮ ಊರಿನದೇ ಕಥೆ ಕೇಳಿ. ಸ್ಯಾಂಕಿ ಕೆರೆ ಹತ್ತಿರ, ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಪಾರ್ಕಿಗೆ ಅಂತ ಇಟ್ಟ ಜಾಗವನ್ನು 1976ರಲ್ಲಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಖಾಸಗಿ ಟ್ರಸ್ಟ್‌ಗೆ ಕೊಡುವ ತೀರ್ಮಾನವಾಯಿತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು, ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲಿಯೂ ನಿವಾಸಿಗಳ ಪರವಾಗಿಯೇ ತೀರ್ಪು ಬಂತು. ಆಸ್ಪತ್ರೆ ಒಳ್ಳೆಯದೇ ಅಲ್ವಾ? ಆದರೂ ಪಾರ್ಕಿನ ಜಾಗ ಪಾರ್ಕಿಗೇ ಅಂತ ಕೋರ್ಟು ಹೇಳಿತು. ಅಕ್ಕಪಕ್ಕದಲ್ಲಿ ವಾಸ ಮಾಡುವವರಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ ಅಂತಲೂ ಹೇಳಿತು. ದೇಶದ ಎಷ್ಟೋ ಪಾರ್ಕುಗಳಿಗೆ ಇವತ್ತಿಗೂ ಆ ತೀರ್ಪೇ ಆಸರೆ.

2ನೇ ಮುಖ್ಯರಸ್ತೆಯ ಕೊನೆಯಲ್ಲಿ ನಮ್ಮ ಸಿಎ ಸೈಟು ಖಾಲಿ ಬಿದ್ದಿದೆ. ಮನೆ ಒಡೆದ ಮಣ್ಣು ತಂದು ಸುರಿಯುತ್ತಿದ್ದಾರೆ. ಭವನ ಅಲ್ಲಿ ಕಟ್ಟಲಿ ಅಂತ ನಾವೇ ಬರೆದುಕೊಡೋಣ. ಮೊದಲ ಸಹಿ ನಿಮ್ಮದೇ ಇರಲಿ ಸರ್.

ಹಿಂದಿನ ಗೇಟಿನ ಎದುರು ಮನೆ · ಬೆಳಿಗ್ಗೆ 7:15

ಒಂದು ವಿಷಯ ನಾನು ಹೇಳಲೇಬೇಕು. ಗೇಟಿಗೆ ಬೀಗ ಹಾಕಿ ಅಂತ ಎರಡು ತಿಂಗಳ ಹಿಂದೆ ಅರ್ಜಿ ಕೊಟ್ಟವನು ನಾನೇ. ರಾತ್ರಿ ಹನ್ನೊಂದರ ಮೇಲೆ ಹುಡುಗರು ಬಂದು ಕುಡಿಯುತ್ತಿದ್ದರು. ಬೆಳಿಗ್ಗೆ ಎದ್ದರೆ ಮೆಟ್ಟಿಲ ಮೇಲೆ ಒಡೆದ ಬಾಟಲಿ. ನನ್ನ ತಾಯಿಗೆ 82 ವರ್ಷ, ಬರಿಗಾಲಲ್ಲಿ ರಂಗೋಲಿ ಹಾಕುತ್ತಾರೆ. ಒಮ್ಮೆ ಗಾಜು ಚುಚ್ಚಿ ಮೂರು ಹೊಲಿಗೆ ಬಿತ್ತು. ರಾತ್ರಿ ಮಾತ್ರ ಬೀಗ ಹಾಕಿ ಅಂತ ಬರೆದಿದ್ದೆ. ಹಗಲೂ ಹಾಕುತ್ತಾರೆ, ಒಳಗೆ ಕಟ್ಟಡ ಶುರು ಮಾಡುತ್ತಾರೆ ಅಂತ ಖಂಡಿತ ಗೊತ್ತಿರಲಿಲ್ಲ. ಇದರಿಂದ ನಿಮಗೆಲ್ಲ ತೊಂದರೆಯಾಗಿದ್ದರೆ ಕ್ಷಮಿಸಿ.

4ನೇ ಅಡ್ಡರಸ್ತೆ, ಮನೆ 27 · ಬೆಳಿಗ್ಗೆ 7:22

ನೀವು ಕ್ಷಮೆ ಕೇಳಬೇಕಾಗಿಲ್ಲ ಸರ್. ಅಮ್ಮನ ಕಾಲು ಈಗ ಹೇಗಿದೆ? ನಿಮ್ಮ ಸಮಸ್ಯೆಯನ್ನೂ ಮನವಿಯಲ್ಲಿ ಸೇರಿಸೋಣ. ಗೇಟು ತೆರೆಯಿರಿ ಅಂತ ಮಾತ್ರ ಕೇಳಿದರೆ ನಿಮಗೆ ಅನ್ಯಾಯ ಆಗುತ್ತದೆ.

5ನೇ ಅಡ್ಡರಸ್ತೆ, ಮನೆ 3 · ಬೆಳಿಗ್ಗೆ 8:40

ಎರಡು ದಿನದಿಂದ ಹೇಳಲೋ ಬೇಡವೋ ಅಂತ ಇದ್ದೆ. ನಮ್ಮ ಮಗಳು ಕಾಲೇಜು, ಕಂಪ್ಯೂಟರ್ ಕ್ಲಾಸು ಮುಗಿಸಿ ರಾತ್ರಿ 9:10ರ ಬಸ್ಸಿಗೆ ಇಳಿಯುತ್ತಾಳೆ. ಮಂಗಳವಾರ ಆ ಕತ್ತಲೆ ಭಾಗದಲ್ಲಿ ಬೈಕಿನಲ್ಲಿ ಇಬ್ಬರು ನಿಧಾನ ಮಾಡಿಕೊಂಡು ಅವಳ ಪಕ್ಕದಲ್ಲೇ ಬಂದಿದ್ದಾರೆ. ಅವಳು 112ಕ್ಕೆ ಫೋನ್ ಮಾಡುವ ಹಾಗೆ ಜೋರಾಗಿ ಮಾತಾಡಿದಳಂತೆ, ಆಮೇಲೆ ಹೋದರು. ಮನೆಗೆ ಬಂದವಳು ಊಟ ಮಾಡಲಿಲ್ಲ. ಚಪ್ಪಲಿ ಕೈಯಲ್ಲಿತ್ತು, ಓಡಿ ಬಂದಿದ್ದಾಳೆ. ಈಗ ದಿನಾ ಇವರು ಸ್ಟಾಪಿಗೆ ಹೋಗಿ ನಿಲ್ಲುತ್ತಾರೆ. ಅಪ್ಪ ಇಲ್ಲದ, ಅಣ್ಣ ಇಲ್ಲದ ಹುಡುಗಿಯರು ಏನು ಮಾಡಬೇಕು ಹೇಳಿ.

6ನೇ ಅಡ್ಡರಸ್ತೆ, ಮೊದಲ ಮಹಡಿ · ಬೆಳಿಗ್ಗೆ 8:44

ಆಂಟಿ, ಪೊಲೀಸರಿಗೂ ಬರೆದುಕೊಡೋಣ. ನಾನು ಜೊತೆಗೆ ಬರುತ್ತೇನೆ. ಅವಳ ಹೆಸರು ಎಲ್ಲೂ ಬರುವುದು ಬೇಡ. ಜಾಗ ಮತ್ತು ಹೊತ್ತು ಬರೆದು ಗಸ್ತು ಕೇಳಿದರೆ ಸಾಕು. ಮತ್ತೆ ಎಲ್ಲರಿಗೂ ಹೇಳುತ್ತಿದ್ದೇನೆ, ಸುಮ್ನೆ ಮಾತಾಡುವುದಲ್ಲ, ನಿಜವಾಗಿಯೂ 112ಕ್ಕೆ ಮಾಡಿ.

3ನೇ ಅಡ್ಡರಸ್ತೆ, ಮನೆ 19 · ಬೆಳಿಗ್ಗೆ 9:30

ಮುಖ್ಯರಸ್ತೆಗೆ ನಾಲ್ಕು ಹಂಪ್ ಹಾಕಿಸಿ, ಬೈಕಿನವರ ಅಬ್ಬರ ನಿಲ್ಲುತ್ತದೆ.

7ನೇ ಅಡ್ಡರಸ್ತೆ, ಮನೆ 41 · ಬೆಳಿಗ್ಗೆ 10:10

ಹಂಪ್ ಇರಲಿ, ಆದರೆ ಅಳತೆ ಪ್ರಕಾರ ಇರಲಿ. ರಸ್ತೆ ಕೆಲಸದಲ್ಲಿ 30 ವರ್ಷ ಇದ್ದವನು ನಾನು. ರಸ್ತೆಗಳ ಅಳತೆ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅವರು ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಬೇಕಾಬಿಟ್ಟಿ ಡಾಂಬರು ಗುಡ್ಡೆ ಹಾಕಿದರೆ ಆಂಬುಲೆನ್ಸಿನಲ್ಲಿರುವವರ ಬೆನ್ನು ಮುರಿಯುತ್ತದೆ. ಮೊದಲು ಫುಟ್‌ಪಾತ್ ಕೇಳಿ. ನಡೆಯುವುದಕ್ಕೆ 1.8 ಮೀಟರ್ ಅಡೆತಡೆ ಇಲ್ಲದೆ ಇರಬೇಕು ಅನ್ನುವುದೂ ಅವರದೇ ನಿಯಮ. ಭಾನುವಾರ ಟೇಪು ನಾನು ತರುತ್ತೇನೆ. ಉರಿಯದ ಕಂಬಗಳ ನಂಬರ್ ಬರೆದುಕೊಳ್ಳಿ. ನಂಬರ್ ಇಲ್ಲದ ದೂರಿಗೆ ಯಾರೂ ಬರುವುದಿಲ್ಲ.

2ನೇ ಮುಖ್ಯರಸ್ತೆ, ಮನೆ 14 · ಮಧ್ಯಾಹ್ನ 1:20

ವಕೀಲರೇ, ಈಗಷ್ಟೇ ಸಿಎ ಸೈಟು ನೋಡಿ ಬಂದೆ. ಪಾರ್ಕಿನ ಮೂಲೆಗಿಂತ ದೊಡ್ಡದಿದೆ, ವಾಹನ ನಿಲ್ಲಿಸುವುದಕ್ಕೂ ಜಾಗ ಆಗುತ್ತದೆ. ನಾನು ಸಹಿ ಹಾಕುತ್ತೇನೆ. ಆದರೆ ಪಾರ್ಕು ಉಳಿದ ಮೇಲೆ ಭವನದ ವಿಷಯ ಮರೆಯಬಾರದು. ಆ ಮಾತು ಕೊಡಿ.

1ನೇ ಮುಖ್ಯರಸ್ತೆ, ಮನೆ 8 · ಮಧ್ಯಾಹ್ನ 1:35

ಖಂಡಿತ ಸರ್. ಎರಡನ್ನೂ ಒಂದೇ ಮನವಿಯಲ್ಲಿ ಬರೆದಿದ್ದೇನೆ. ಕೆಲಸ ತಕ್ಷಣ ನಿಲ್ಲಿಸಬೇಕು, ಗುಂಡಿ ಮುಚ್ಚಬೇಕು. ಭವನವನ್ನು ಸಿಎ ಸೈಟಿಗೆ ಬದಲಾಯಿಸಬೇಕು. ಗೇಟು ಹಗಲು ತೆರೆದಿರಬೇಕು, ರಾತ್ರಿ ಬೀಗ ಹಾಕಬೇಕು, ಗೇಟಿನ ಮೇಲೆ ಒಂದು ಲೈಟು ಬೇಕು. ಹೊಂಗೆಮರದ ಬೇರಿನ ಬಗ್ಗೆ ಮರ ಅಧಿಕಾರಿಗೆ ಬೇರೆ ಪತ್ರ. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದು ಅದಕ್ಕೇ. ಇದರ ಜೊತೆ ಮಾಹಿತಿ ಹಕ್ಕಿನ ಅರ್ಜಿಯೂ ಹಾಕುತ್ತೇವೆ: ಕಾಮಗಾರಿ ಆದೇಶ, ಅಂದಾಜು ಪಟ್ಟಿ, ನಕ್ಷೆ. 30 ದಿನದೊಳಗೆ ಉತ್ತರ ಕೊಡಬೇಕು.

ದಯವಿಟ್ಟು ಯಾರೂ ಕೆಲಸದವರ ಹತ್ತಿರ ಜಗಳಕ್ಕೆ ಹೋಗಬೇಡಿ. ಅವರು ಕೂಲಿಗೆ ಬಂದವರು.

4ನೇ ಅಡ್ಡರಸ್ತೆ, ಮನೆ 27 · ಭಾನುವಾರ, ಬೆಳಿಗ್ಗೆ 10:50

63 ಜನ ಬಂದಿದ್ದರು. ಮನೆಗೆಲಸದ ಹೆಂಗಸರು ಒಂಬತ್ತು ಜನ ನಿಂತು ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಒಬ್ಬರು ಸೆರಗು ಸರಿಸಿ ಮೊಣಕೈ ತೋರಿಸಿದರು. ಹೋದ ವಾರ ಆ ಕುಸಿದ ಚಪ್ಪಡಿ ಹತ್ತಿರ ಬಿದ್ದ ಗಾಯ. ನಾವು ಯಾರೂ ಕೇಳಿರಲೇ ಇಲ್ಲ.

4ನೇ ಅಡ್ಡರಸ್ತೆ, ಮನೆ 27 · ಮಂಗಳವಾರ, ಸಂಜೆ 6:05

ನಿನ್ನೆ ಮನವಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದೆವು. ಇವತ್ತು ಇಂಜಿನಿಯರ್ ಬಂದು ಟೇಪು ಹಿಡಿದು ಅಳೆದರು. ನಕ್ಷೆ ಪರಿಶೀಲನೆ ಆಗುವವರೆಗೆ ಕೆಲಸ ನಿಲ್ಲಿಸಿದ್ದೇವೆ ಅಂದರು. ಬಾಯಿಮಾತು ಬೇಡ ಸರ್ ಅಂದೆವು. ಎರಡು ಸಾಲು ಬರೆದು ಸಹಿ ಮಾಡಿಕೊಟ್ಟಿದ್ದಾರೆ. ಗುಂಡಿಗಳು ಇನ್ನೂ ಹಾಗೇ ಇವೆ, ಮಕ್ಕಳನ್ನು ಆ ಕಡೆ ಬಿಡಬೇಡಿ. ಸುತ್ತ ಹಗ್ಗ ಕಟ್ಟಿದ್ದೇವೆ. ಬೇರಿಗೆ ಮಣ್ಣು ಮುಚ್ಚಿ ನೀರು ಹಾಕಿದ್ದೇವೆ.

ಗೇಟಿನ ಬೀಗದ ಕೈ ನಮ್ಮ ಕೈಗೆ ಬಂದಿದೆ. ಬೆಳಿಗ್ಗೆ 5ಕ್ಕೆ ನಾನು ತೆರೆಯುತ್ತೇನೆ. ರಾತ್ರಿ ಹಾಕುವವರು ಬೇಕು.

ಹಿಂದಿನ ಗೇಟಿನ ಎದುರು ಮನೆ · ಸಂಜೆ 6:09

ನಾನು ಹಾಕುತ್ತೇನೆ. 9:10ರ ಬಸ್ಸು ತಡವಾದರೂ ಪರವಾಗಿಲ್ಲ, ಮಗು ಇಳಿದು ಒಳಗೆ ಬಂದ ಮೇಲೆಯೇ ಬೀಗ.